ಎರವಲು ಕಪ್ಪು (ಹನ್ನೊಂದನೇ ಕಂತು)

ಬಣ್ಣವನ್ನೇ ಹಾಕದ ಗಾಜಿನ ಮೇಲೆ ಬಣ್ಣ ಇತ್ತು.

ಧಾತ್ರಿ ಮೈಕ್ರೋಸ್ಕೋಪಿನಿಂದ ಮುಖ ಎತ್ತಿ, ಕನ್ನಡಕ ಒರೆಸಿಕೊಂಡು, ಮತ್ತೆ ಕಣ್ಣಿಟ್ಟಳು. ಕನ್ನಡಕದ್ದೇನೂ ತಪ್ಪಿರಲಿಲ್ಲ. ಬರೀ ನೀಲಿ ಕಾಣಬೇಕಾದ ಕಡೆಯೆಲ್ಲ ಕಂದು ಬಣ್ಣ ಚೆಲ್ಲಾಡಿತ್ತು.

ಪರೇಲಿನ ನೀಲಾಂಬರಿ ಆಸ್ಪತ್ರೆಯ ಆರನೇ ಮಹಡಿಯಲ್ಲಿ, ಈ ಪೆಥಾಲಜಿ ಲ್ಯಾಬಿನಲ್ಲಿ, ಹದಿಮೂರು ವರ್ಷದಿಂದ ಊರವರ ತಪ್ಪುಗಳನ್ನು ಹುಡುಕಿ ತೆಗೆದವಳು ಅವಳು. ಡಾಕ್ಟರ್ ಧಾತ್ರಿ ನೋಡಿ ಸಹಿ ಹಾಕಿದ್ದಾಳೆ ಎಂದರೆ ಸರ್ಜನ್‌ಗಳು ಮರುಮಾತಿಲ್ಲದೆ ಚಾಕು ಕೈಗೆತ್ತಿಕೊಳ್ಳುತ್ತಿದ್ದರು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು. ಈ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಿಕ್ಕ ತಪ್ಪು ಮಾತ್ರ ಅವಳ ಸ್ವಂತದ್ದು.

ಲಕ್ಷ್ಮವ್ವ ಬಂಡೆಪ್ಪ, ವಯಸ್ಸು ನಲವತ್ತೈದು, ವಾಸ ವಿಕ್ರೋಳಿ. ಎಡ ಸ್ತನದ ತೊಟ್ಟಿನ ಮೇಲೆ ಕರೀ ಮಚ್ಚೆ. ಆರು ವಾರದ ಹಿಂದೆ ಅದರ ತುಂಡು ನೋಡಿ ಧಾತ್ರಿ ಬರೆದದ್ದು ಒಂದೇ ಪದ: ಮೆಲನೋಮಾ. ಚರ್ಮದ ಕರೀ ಬಣ್ಣದ ಕೋಶಗಳಲ್ಲಿ ಹುಟ್ಟುವ, ಕಣ್ಣು ಮಿಟುಕಿಸುವುದರೊಳಗೆ ಮೈಯೆಲ್ಲ ಹಬ್ಬುವ ಕ್ಯಾನ್ಸರ್. ಸೋಮವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಲಕ್ಷ್ಮವ್ವ ಬರಲಿಲ್ಲ. ಫೋನೂ ಎತ್ತಲಿಲ್ಲ.

"ಒಂದು ಮಾತು ಹೇಳೋದು ಮರೆತಿದ್ದೆ," ಎಂದಿದ್ದರು ನಿನ್ನೆ ಫೋನ್ ಮಾಡಿದ ಸರ್ಜನ್. "ಮಚ್ಚೆ ಕೆಳಗೆ, ಒಳಗೆ ಎಲ್ಲೋ, ಕೈಗೆ ಗಟ್ಟಿ ತಾಗಿತ್ತು. ಮೆಲನೋಮಾ ಅಂತ ನೀವು ಬರೆದಿದ್ರಿ ನೋಡಿ, ನಾನು ಅದನ್ನ ಹೆಚ್ಚು ತಲೆಗೆ ಹಚ್ಚಿಕೊಳ್ಳಲಿಲ್ಲ."

ಒಳಗೆ ಗಟ್ಟಿ. ಆ ಎರಡು ಪದ ಧಾತ್ರಿಯ ತಲೆಯಿಂದ ಹೋಗಿರಲಿಲ್ಲ. ಫೋನಿಟ್ಟ ಕೂಡಲೇ ಹಳೇ ತುಂಡನ್ನು ಹೊರಗೆ ತೆಗೆಸಿ ಹೊಸದಾಗಿ ಮೂರು ಗಾಜು ಮಾಡಿಸಿದ್ದಳು. ಮೊದಲನೆಯದು ಈಗ ಕಣ್ಣ ಮುಂದಿತ್ತು.

ಇಂಥ ಪರೀಕ್ಷೆಯ ಲೆಕ್ಕ ಸರಳ. ಒಂದೊಂದು ಗಾಜಿಗೆ ಒಂದೊಂದು ಆಂಟಿಬಾಡಿ ಹಾಕುತ್ತಾರೆ. ಅದು ತಾನು ಹುಡುಕುವ ಕೋಶವನ್ನು ಹಿಡಿದರೆ ಆ ಜಾಗ ಕಂದಾಗುತ್ತದೆ, ಹಿಡಿಯದಿದ್ದರೆ ನೀಲಿ. ಒಂದು ಗಾಜಿಗೆ ಮಾತ್ರ ಯಾವ ಆಂಟಿಬಾಡಿಯನ್ನೂ ಹಾಕದೆ ಬಿಡುತ್ತಾರೆ, ತಾಳೆ ನೋಡುವುದಕ್ಕೆ. ಅದು ಪೂರ್ತಿ ನೀಲಿ ಇರಬೇಕು.

ಈ ತಾಳೆಗಾಜು ಕಂದಾಗಿತ್ತು. ಎಂದರೆ, ಆ ಕಂದು ಪರೀಕ್ಷೆಯಿಂದ ಬಂದದ್ದೇ ಅಲ್ಲ. ಅದು ಚರ್ಮದ ಸ್ವಂತ ಕಪ್ಪು, ಮೆಲನಿನ್. ಮೈಬಣ್ಣ ಕೊಡುವ ಅದೇ ಪುಡಿ ಮೈಕ್ರೋಸ್ಕೋಪಿನ ಬೆಳಕಿನಲ್ಲಿ ಕಂದಾಗಿಯೇ ಕಾಣುತ್ತದೆ. ಆರು ವಾರದ ಹಿಂದೆ ಧಾತ್ರಿ ಆ ಪುಡಿಯನ್ನು ನೋಡಿ, ಆಂಟಿಬಾಡಿ ಹಿಡಿದಿದೆ, ಮೆಲನೋಮಾ ಎಂದು ಸಹಿ ಹಾಕಿ, ಕೆಳಗೆ ಹೋಗಿ ಕಾಫಿ ಕುಡಿದು ಬಂದಿದ್ದಳು.

ಉಳಿದೆರಡು ಗಾಜಿಗೆ ಕಂದಿನ ಬದಲು ಕೆಂಪು ಹಾಕಿಸಿದ್ದಳು. ಕೆಂಪಾದರೆ ಮೆಲನಿನ್ ಜತೆ ಕಲೆಯುವುದಿಲ್ಲ.

ಮೆಲನೋಮಾ ಹುಡುಕುವ ಗಾಜು ಮೊದಲು. ಅಲ್ಲೊಂದು ಇಲ್ಲೊಂದು ತೆಳ್ಳನೆಯ, ಕೈಕಾಲು ಚಾಚಿದ ಸಾಧಾರಣ ಕೋಶ ಕೆಂಪಾಗಿತ್ತು. ದೊಡ್ಡ ದೊಡ್ಡ ಕೆಟ್ಟ ಕೋಶಗಳು ಮಾತ್ರ ಅದಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಕೆಂಪಾಗದೇ ಉಳಿದಿದ್ದವು.

ಇನ್ನೊಂದು ಗಾಜು, ಹಾಲಿನ ನಾಳದ ಕೋಶಗಳನ್ನು ಹುಡುಕುವಂಥದು. ಫೋಕಸ್ ತಿರುಗಿಸಿದಳು. ಅಷ್ಟೂ ಕೆಟ್ಟ ಕೋಶಗಳು ಕೆಂಪು.

ಪ್ಯಾಜೆಟ್ ಕಾಯಿಲೆ. ಅದರಲ್ಲೂ ಅಪರೂಪಕ್ಕೆ ಸಿಗುವ ಕಪ್ಪು ಬಗೆ. ಸ್ತನದೊಳಗಿನ ಹಾಲಿನ ನಾಳದಲ್ಲಿ ಹುಟ್ಟಿ, ಮೆಲ್ಲಗೆ ತೊಟ್ಟಿನ ಚರ್ಮಕ್ಕೆ ಏರಿ ಬಂದ ಕ್ಯಾನ್ಸರ್. ಕಪ್ಪು ಅದರದ್ದಲ್ಲ. ಪಕ್ಕದ ಚರ್ಮದ ಕೋಶಗಳಿಂದ ಎರವಲು ಪಡೆದು ಬಳಿದುಕೊಂಡದ್ದು. ಹೊರಗಿನಿಂದ ನೋಡಿದರೆ ಮೆಲನೋಮಾದ ತದ್ರೂಪ.

ಸೋಮವಾರ ಆಪರೇಷನ್ ಆಗಿದ್ದರೆ? ಸರ್ಜನ್ ತೊಟ್ಟಿನ ಸುತ್ತಲ ಚರ್ಮ ತೆಗೆದು, ಕಂಕುಳಿನ ಗಂಟು ನೋಡಿ, ಹೊಲಿಗೆ ಹಾಕಿ ಕಳಿಸುತ್ತಿದ್ದರು. ಒಳಗಿನ ಗಡ್ಡೆ ಒಳಗೇ ಉಳಿಯುತ್ತಿತ್ತು. ಈಗಲೂ ಅದು ಅಲ್ಲೇ ಇದೆ, ಬೆಳೆಯುತ್ತಿದೆ. ಈಗಲಾದರೂ ಸ್ಕ್ಯಾನ್ ಮಾಡಿಸಿದರೆ, ಸರಿಯಾದ ಔಷಧಿ ಕೊಟ್ಟರೆ, ಬದುಕಿಸಬಹುದು. ಆದರೆ ಆ ಹೆಂಗಸೇ ಕಾಣೆ.

ಧಾತ್ರಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ದೇವಾನಂದ, ಸ್ವಲ್ಪ ಬನ್ನಿ ಇಲ್ಲಿ."

ದೇವಾನಂದ ಲ್ಯಾಬಿನ ಟೆಕ್ನಿಷಿಯನ್, ಬೀದರ ಕಡೆಯವನು. ಮೇಣದ ಬ್ಲಾಕಿನೊಳಗೆ ಹುದುಗಿಸಿದ ತುಂಡನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವುದರಲ್ಲಿ ಅವನನ್ನು ಬಿಟ್ಟರೆ ಇಲ್ಲ. ಅದು ಅವನಿಗೂ ಗೊತ್ತಿತ್ತು, ಹೋದವರಿಗೂ ಬಂದವರಿಗೂ ಹೇಳಿ ಗೊತ್ತುಮಾಡಿಸಿದ್ದ.

"ಏನ್ ಮ್ಯಾಡಂ, ಸ್ಟೇನ್ ಖರಾಬ್ ಆಗ್ಯಾದೇನ್ರಿ? ನಿನ್ನಿ ಖುದ್ದು ನಿಂತು ಮಾಡೀನಿ."

"ಸ್ಟೇನ್ ಚೆನ್ನಾಗಿದೆ, ಬಣ್ಣ ಸರಿಯಾಗೇ ಹಿಡಿದಿದೆ. ಆರು ವಾರದ ಹಿಂದೆ ಇವರದ್ದು ಮಾಡಿದಾಗ ತಾಳೆಗೆ ಏನಿಟ್ಟಿದ್ರಿ?"

"ದಿನಾ ಇಡೋದ ರೀ. ಟಾನ್ಸಿಲ್."

ಅದು ಈ ಲ್ಯಾಬಿನ ಹಳೇ ರೂಢಿ. ದಿನಕ್ಕೆ ಎಷ್ಟೇ ಪೇಷಂಟುಗಳ ತುಂಡು ಬರಲಿ, ತಾಳೆಗೆ ಒಂದೇ ಗಾಜು, ಯಾರದೋ ಹಳೇ ಟಾನ್ಸಿಲ್ಲಿನದು. ಟಾನ್ಸಿಲ್‌ನಲ್ಲಿ ಮೆಲನಿನ್ ಎಲ್ಲಿಂದ ಬರಬೇಕು? ಅದು ನೀಲಿಯಾಗಿಯೇ ಇತ್ತು, ಎಲ್ಲ ಸರಿಯಿದೆ ಎಂದೇ ಹೇಳಿತ್ತು.

"ಈ ಪೇಷಂಟಿನ ತುಂಡನ್ನೇ ಯಾಕೆ ಇಡಲಿಲ್ಲ? ಇಷ್ಟು ಕಪ್ಪಿತ್ತು."

"ನೀವ್ ಹೇಳ್ಲಿಲ್ಲಲ್ರಿ, ಮ್ಯಾಡಂ."

ಹೇಳಿರಲಿಲ್ಲ. ಅವನ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ದೇವಾನಂದ ಹೋಗದೆ ಅಲ್ಲೇ ನಿಂತಿದ್ದ. ಅವನು ಮಾತಿಲ್ಲದೆ ನಿಲ್ಲುವ ಆಸಾಮಿಯಲ್ಲ.

"ಏನು?"

"ಒಂದ್ ಮಾತದ. ನಿನ್ನಿನ ಹೇಳಬೇಕಂದೆ, ಬಾಯಿ ಬರ್ಲಿಲ್ಲ." ಅವನು ದನಿ ಇಳಿಸಿದ. "ಕೆಲಸ ಆದ ಮ್ಯಾಲ ನಾ ಬ್ಲಾಕಿನ ಮುಖಕ್ಕ ಮೇಣ ಬಳದು ಮುಚ್ಚೇ ಇಡ್ತೀನಿ. ನಮ್ಮ ಗುರುಗಳು ಕಲಿಸಿದ್ದು, ಬ್ಯಾರೆ ಯಾರೂ ಇಲ್ಲಿ ಹಂಗ ಮಾಡಂಗಿಲ್ಲ. ನಿನ್ನಿ ಈ ಬ್ಲಾಕ್ ತೆಗದ್ರ ಮ್ಯಾಲಿನ ಮೇಣ ಇಲ್ಲ. ಯಾರೋ ಮತ್ತ ಕೊಯ್ದಾರ."

"ರಿಜಿಸ್ಟರ್‌ನಲ್ಲಿ?"

"ಏನೂ ಬರದಿಲ್ರಿ. ಹತ್ತು ಹನ್ನೆರಡು ಪದರ ಹೋಗ್ಯಾವ. ಚಲೋ ಕೈ ಮ್ಯಾಡಂ, ಅಡ್ಡಾದಿಡ್ಡಿ ಕೊಯ್ದಿಲ್ಲ."

"ಬ್ಲಾಕ್ ರೂಮಿನ ಕೀಲಿ?"

"ಒಂದು ನನ್ನ ಹತ್ರ." ದೇವಾನಂದ ಒಮ್ಮೆ ಬಾಗಿಲ ಕಡೆ ನೋಡಿದ. "ಇನ್ನೊಂದು ಸಾಹೇಬರ ಹತ್ರ."

ಸಾಹೇಬರು ಎಂದರೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಅನಿಲಕುಮಾರ. ಬೆಂಗಳೂರಿನ ಬಸವನಗುಡಿಯಿಂದ ಮೂವತ್ತು ವರ್ಷದ ಹಿಂದೆ ಮುಂಬಯಿಗೆ ಬಂದು, ಇನ್ನೂ ಬೆಳಿಗ್ಗೆ ಬೆಳಿಗ್ಗೆ ವಡಾಪಾವ್ ತಿನ್ನುವವರನ್ನು ಕಂಡರೆ ಮೂಗು ಮುರಿಯುವ ಮನುಷ್ಯ. ಧಾತ್ರಿಗೆ ಕೆಲಸ ಕಲಿಸಿದವರು ಅವರೇ.

ಮೂರೂ ಗಾಜುಗಳನ್ನು ಟ್ರೇಯಲ್ಲಿಟ್ಟುಕೊಂಡು ಅವರ ಕ್ಯಾಬಿನ್ನಿಗೆ ಹೋದಳು.

"ಸರ್, ಲಕ್ಷ್ಮವ್ವ ಬಂಡೆಪ್ಪ ಕೇಸು. ನನ್ನಿಂದ ದೊಡ್ಡ ತಪ್ಪಾಗಿದೆ. ಒಂದು ಸಲ ನೋಡ್ತೀರಾ?"

ಅವರು ಓದುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಪ್ಯಾಜೆಟ್ಸ್, ಅಲ್ವಾ?"

ಟ್ರೇ ಇನ್ನೂ ಧಾತ್ರಿಯ ಕೈಯಲ್ಲೇ ಇತ್ತು. ಒಂದು ಗಾಜನ್ನೂ ಅವಳು ಟೇಬಲ್ಲಿನ ಮೇಲೆ ಇಟ್ಟಿರಲಿಲ್ಲ.

"ನಿಮಗೆ ಹೇಗೆ ಗೊತ್ತು, ಸರ್?"

"ತೊಟ್ಟಿನ ಮೇಲೆ ಕಪ್ಪು ಮಚ್ಚೆ. ಮೆಲನೋಮಾ ಅಲ್ಲ ಅಂದ್ರೆ ಇನ್ನೇನಿರುತ್ತೆ? ಊಹೆ." ಈಗ ತಲೆ ಎತ್ತಿದರು. ನಗು ತುಟಿಯಲ್ಲಿ ಮಾತ್ರ ಇತ್ತು. "ತಿದ್ದುಪಡಿ ರಿಪೋರ್ಟ್ ಬರೆದು ಫೈಲಿಗೆ ಸೇರಿಸಿ. ಎಲ್ಲರ ಕೈಯಿಂದಲೂ ಒಂದು ಆಗುತ್ತೆ. ಯಾರೂ ಕೇಳಲ್ಲ."

"ಆ ಹೆಂಗಸು ಕೇಳಬೇಡವಾ ಸರ್? ಸೋಮವಾರದಿಂದ ಪತ್ತೆ ಇಲ್ಲ."

"ಪತ್ತೆ ಮಾಡೋದು ಸೋಶಿಯಲ್ ವರ್ಕರ್ ಕೆಲಸ. ನೀವು ಮನೆಮನೆ ಸುತ್ತಬೇಡಿ."

"ಇನ್ನೊಂದು ವಿಷಯ. ಬ್ಲಾಕನ್ನ ಯಾರೋ ಹೇಳದೆ ಕೇಳದೆ ಕೊಯ್ದಿದ್ದಾರೆ."

ಅನಿಲಕುಮಾರ ಟೇಬಲ್ಲಿನ ಮೇಲಿದ್ದ ಪೆನ್ನುಗಳನ್ನು ಒಂದೊಂದಾಗಿ ಸ್ಟ್ಯಾಂಡಿಗೆ ಹಾಕಿದರು. ಆಮೇಲೆ ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಹಾಕಿದರು.

"ದೇವಾನಂದನಿಗೆ ಈಚೆಗೆ ಮರೆವು ಜಾಸ್ತಿ," ಎಂದರು.

ಗುರುಗಳ ಮಾತನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಧಾತ್ರಿ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಅನುಮಾನ ಪಡಬೇಕೆಂದರೆ ಕೀಲಿ ಇದ್ದ ಇಬ್ಬರ ಮೇಲೂ ಪಡಬಹುದಿತ್ತು. ಆದರೆ ಅವಳಿಗೆ ಆ ಗಳಿಗೆಯಲ್ಲಿ ಬೇಕಿದ್ದದ್ದು ಅಪರಾಧಿಯಲ್ಲ, ಲಕ್ಷ್ಮವ್ವ. ನೇರ ನೆಲಮಹಡಿಯ ರಿಜಿಸ್ಟ್ರೇಷನ್ ಕೌಂಟರಿಗೆ ಇಳಿದಳು.

ಅಲ್ಲಿ ಕೂರುವವನು ರಾಮಪ್ಪ, ಇಂಡಿ ತಾಲ್ಲೂಕಿನವನು. ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಪೇಷಂಟುಗಳಿಗೆ ಮುಂಬಯಿಯ ಈ ಆಸ್ಪತ್ರೆಯಲ್ಲಿ ತವರು ಮನೆಯೆಂದರೆ ಅವನ ಕಿಟಕಿಯೇ. ಧಾತ್ರಿ ಲಕ್ಷ್ಮವ್ವನ ಹೆಸರು ಹೇಳಿದ್ದೇ ತಡ, ಅವನು ಕಂಪ್ಯೂಟರ್ ಬಿಟ್ಟು ಗೋಡೆ ಕಡೆ ನೋಡತೊಡಗಿದ.

"ಬೇರೆ ಫೋನ್ ನಂಬರ್ ಏನಾದರೂ ಇದೆಯಾ ರಾಮಪ್ಪ?"

"ಇಲ್ರಿ. ಇದ್ದದ್ದು ಒಂದೇ ನಂಬರ, ಗಂಡನ್ದು. ಕಂಪನಿ ಮೆಡಿಕಲ್ ಕಾರ್ಡಿನ್ಯಾಗ ಇದ್ದದ್ದು. ಆ ಮನಷ್ಯಾ ಆಸ್ಪತ್ರಿ ಅಂದ ಕೂಡ್ಲೆ ಕಟ್ ಮಾಡ್ತಾನ."

"ಯಾಕೆ?"

"ನನಗ್ಹೆಂಗ ಗೊತ್ರಿ?"

"ನಿಮಗೆ ಗೊತ್ತು. ಗೋಡೇಲಿ ಏನಿದೆ? ನನ್ನ ಕಡೆ ನೋಡಿ ಹೇಳಿ."

ರಾಮಪ್ಪ ತಲೆ ಕೆರೆದುಕೊಂಡ. ಹಿಂದೆ ಸಾಲಿನಲ್ಲಿ ನಿಂತಿದ್ದವರಿಗೆ ಪಕ್ಕದ ಕಿಟಕಿ ತೋರಿಸಿ ಕಳಿಸಿದ.

"ಮ್ಯಾಡಂ, ನಮ್ಮವ್ವ ಎಪ್ಪತ್ತು ವರ್ಷ ಬದುಕಿದ್ಲು. ಒಂದ್ ದಿನಾನೂ ನಮ್ಮಪ್ಪನ ಹೆಸರು ಬಾಯಿಂದ ಆಡ್ಲಿಲ್ಲ. ರೇಷನ್ ಅಂಗಡ್ಯಾಗ ಕೇಳಿದ್ರ ನನ್ನ ಮುಂದ ನೂಕ್ತಿದ್ಲು, ನೀ ಹೇಳೋ ಅಂತ. ನಮ್ಮ ಕಡಿ ಆ ವಯಸ್ಸಿನ ಹೆಣ್ಮಕ್ಕಳು ಎಲ್ಲಾ ಹಂಗ. ಈ ಕಿಟಕ್ಯಾಗ ನಾ ದಿನಾ ನೋಡ್ತೀನಿ. ಗಂಡನ ಹೆಸರು ಏನವ್ವಾ ಅಂದ್ರ ಸೆರಗು ಬಾಯಿಗೆ ಹಿಡಿತಾರ, ಪಕ್ಕದಾಕಿಗೆ ಹೇಳು ಅಂತಾರ."

"ಸರಿ. ಅದಕ್ಕೆ?"

"ಆಕಿ ಥಟ್ ಅಂತ ಹೇಳಿದ್ಲು. 'ಬಂಡೆಪ್ಪ' ಅಂತ. ಅಂಗಳದಾಗಿಂದ ಹುಡುಗನ್ನ ಕರದಂಗ."

ಧಾತ್ರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮರುಕ್ಷಣ ಹೊಳೆಯಿತು.

"ಅಂದರೆ ಬಂಡೆಪ್ಪ ಅವಳ ಗಂಡ ಅಲ್ಲ."

"ನಾ ಏನೂ ಅಂದಿಲ್ರಿ."

"ಕಾರ್ಡ್ ಬೇರೆಯವರದು. ಅವತ್ತೇ ಯಾಕೆ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ?" ರಾಮಪ್ಪನ ಕಣ್ಣು ಕೆಂಪಾದವು. "ಕಾರ್ಡಿಂದು ಕಂಪನಿಗೆ ತಿಳಿದ್ರ ಆ ಮನಷ್ಯಾನ ನೌಕರಿ ಹೋಗ್ತದ. ನಮ್ಮ ಕಡಿ ಮಂದಿ. ರೋಗ ಅಂತೂ ಖರೇ ಅದಲ್ರಿ, ಯಾವ ಹೆಸರಿಲೆ ಆದ್ರ ಏನು, ಆರಾಮಾದ್ರ ಸಾಕು ಅಂದ್ಕೊಂಡೆ."

ಆರನೇ ಮಹಡಿಯಲ್ಲಿ ಕೂತು ಧಾತ್ರಿ ರೋಗದ ಹೆಸರು ತಪ್ಪು ಬರೆದಿದ್ದಳು. ಕೆಳಗೆ ಕೂತು ಅವನು ರೋಗಿಯ ಹೆಸರು ತಪ್ಪು ಬರೆದಿದ್ದ. ಯಾರು ಯಾರಿಗೆ ಬುದ್ಧಿ ಹೇಳಬೇಕು?

ಫೈಲಿನಲ್ಲಿದ್ದ ವಿಕ್ರೋಳಿಯ ವಿಳಾಸ ಬರೆದುಕೊಂಡು ಹೊರಟವಳಿಗೆ ಪರೇಲ್ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಸಿಕ್ಕಿತು. ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರವೇ ನಿಂತು, ದಾದರ್, ಕುರ್ಲಾ, ಘಾಟಕೋಪರ ದಾಟುವವರೆಗೂ ಧಾತ್ರಿ ಲೆಕ್ಕ ಹಾಕುತ್ತಲೇ ಇದ್ದಳು. ಆರು ವಾರ. ಆರು ವಾರದಲ್ಲಿ ಒಂದು ಗಡ್ಡೆ ಎಷ್ಟು ಬೆಳೆಯುತ್ತದೆ? ಪುಸ್ತಕದಲ್ಲಿ ಓದಿದ್ದು ಯಾವುದೂ ಸಮಾಧಾನ ಕೊಡಲಿಲ್ಲ.

ವಿಕ್ರೋಳಿಯಲ್ಲಿ ಇಳಿದು ರಿಕ್ಷಾ ಹಿಡಿದಳು. ಗುಡ್ಡದ ಬುಡದಲ್ಲಿ ರಿಕ್ಷಾದವನು ಇನ್ನು ಮುಂದೆ ಮೆಟ್ಟಿಲು ಎಂದ. ಎಂಬತ್ತು ಮೆಟ್ಟಿಲು ಹತ್ತಿ, ಮೂರು ಕಡೆ ಕೇಳಿ, ನೀಲಿ ಡ್ರಮ್ಮುಗಳ ಸಾಲು ದಾಟಿ ಚಾಳಿನ ಕೊನೆಯ ಖೋಲಿಗೆ ಬರುವಾಗ ಮಧ್ಯಾಹ್ನ ಒಂದೂವರೆ.

ಬಾಗಿಲು ತೆರೆದೇ ಇತ್ತು. ಒಳಗೆ ಹೆಂಗಸೊಬ್ಬಳು ಗೋಡೆಗೆ ಒರಗಿ ಕೂತು, ಮುಂದೆ ಸುರಿದುಕೊಂಡ ರಬ್ಬರ್ ವಾಷರ್‌ಗಳ ಅಂಚನ್ನು ಬ್ಲೇಡಿನಿಂದ ತೆಗೆದು ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಅಡುಗೆ ಕಟ್ಟೆಯ ಹತ್ತಿರ ಕಾಲೇಜಿನ ವಯಸ್ಸಿನ ಹುಡುಗಿ ಮೊಬೈಲ್ ನೋಡುತ್ತ ನಿಂತಿದ್ದಳು.

"ಲಕ್ಷ್ಮವ್ವ ಅಂದರೆ ನೀವೇನಾ? ನಾನು ಪರೇಲ್ ಆಸ್ಪತ್ರೆಯಿಂದ ಬಂದಿದ್ದೀನಿ."

ಬ್ಲೇಡು ನಿಂತಿತು. "ಹೌದ್ರಿ. ನಾನ. ಬರ್ರಿ ಒಳಗ. ಸಪ್ನಾ, ನೀರು ಕೊಡು ಡಾಕ್ಟ್ರಿಗೆ."

"ಸೋಮವಾರ ಆಪರೇಷನ್ನಿಗೆ ಬರಲಿಲ್ಲವಲ್ಲ."

"ಜ್ವರ ಬಂದಿತ್ರಿ." ಉತ್ತರ ಮೊದಲೇ ಸಿದ್ಧವಾಗಿದ್ದಂತಿತ್ತು. "ಮುಂದಿನ ವಾರ ಬರ್ತೀನ್ರಿ. ಖಂಡಿತ ಬರ್ತೀನಿ."

"ಪರವಾಗಿಲ್ಲ. ಫಾರಂನಲ್ಲಿ ಒಂದು ಜಾಗ ಬಿಟ್ಟುಹೋಗಿದೆ, ಅಷ್ಟೇ." ಧಾತ್ರಿ ಚೀಲದಿಂದ ಪೆನ್ನು ತೆಗೆದಳು. ಹೀಗೆ ಬಲೆ ಹಾಕುವುದು ಅವಳ ಜಾಯಮಾನವಲ್ಲ, ನಾಚಿಕೆಯಾಯಿತು. ಆದರೂ ಕೇಳಿದಳು. "ನಿಮ್ಮ ಯಜಮಾನರ ಹೆಸರು ಹೇಳಿ."

ಲಕ್ಷ್ಮವ್ವ ಒಂದು ವಾಷರ್ ಎತ್ತಿಕೊಂಡಳು, ಬುಟ್ಟಿಗೆ ಹಾಕಿದಳು.

"ಮನಿಯವ್ರು ಡ್ಯೂಟಿಗೆ ಹೋಗ್ಯಾರ್ರಿ. ಫಸ್ಟ್ ಶಿಫ್ಟ್."

"ಹೆಸರು ಕೇಳಿದೆ."

"ಕಾರ್ಡಿನ್ಯಾಗ ಅದಲ್ರಿ."

"ಕಾರ್ಡ್ ನನ್ನ ಹತ್ತಿರ ಇಲ್ಲ. ನೀವೇ ಹೇಳಿ."

ಲಕ್ಷ್ಮವ್ವನ ಸೆರಗು ತಾನಾಗಿಯೇ ತಲೆಯ ಮೇಲೆ ಬಂತು. ಮುಖ ಬಾಗಿಲ ಕಡೆ ತಿರುಗಿತು. "ಏ ಸಪ್ನಾ, ನಿಮ್ಮಪ್ಪನ ಹೆಸರು ಹೇಳ ಇವ್ರಿಗೆ."

ಹುಡುಗಿ ನೀರಿನ ಲೋಟ ಹಿಡಿದು ಬಂದು ಕಿಸಕ್ಕನೆ ನಕ್ಕಳು. "ಬಂಡೆಪ್ಪ. ಮಮ್ಮಿ ಕಭೀ ನಹೀ ಬೋಲ್ತೀ, ಡಾಕ್ಟರ್. ಹೆಸರು ತಗೊಂಡ್ರೆ ಪಪ್ಪಾಂದು ಆಯುಷ್ಯ ಕಮ್ಮಿ ಆಗ್ತದ, ಅಂತ ಅವಳಿಗೆ. ಟೋಟಲ್ ಅಂಧಶ್ರದ್ಧಾ."

ಯಾರೂ ಜೊತೆಗೆ ನಗದಿದ್ದದ್ದು ನೋಡಿ ಅವಳ ನಗು ನಿಂತಿತು.

ಧಾತ್ರಿ ಪೆನ್ನು ಒಳಗಿಟ್ಟಳು. "ಲಕ್ಷ್ಮವ್ವ, ಆರು ವಾರದ ಹಿಂದೆ ನಿಮ್ಮ ಕಾರ್ಡ್ ಹಿಡಕೊಂಡು ನಮ್ಮ ಕೌಂಟರಿನಲ್ಲಿ ನಿಂತ ಹೆಂಗಸು ಈ ಹೆಸರನ್ನ ಒಂದೇ ಉಸಿರಿಗೆ ಹೇಳಿದಳು. ಅದು ನೀವಲ್ಲ."

"ನಾನ ರೀ! ನಾನ ಬಂದಿದ್ದೆ!"

"ಹಾಗಾದರೆ ಇನ್ನೊಂದು ಸಲ ಹೇಳಿ. ನನ್ನ ಮುಂದೆ."

ಲಕ್ಷ್ಮವ್ವ ಬಾಯಿ ತೆರೆದಳು. ತುಟಿ ಕೂಡಿದವು, ಬಿಟ್ಟವು. ಇಪ್ಪತ್ತೈದು ವರ್ಷ ಕಟ್ಟಿಟ್ಟ ನಾಲಿಗೆ, ಗಂಡನ ನೌಕರಿ ಉಳಿಸುವುದಕ್ಕೂ ತಿರುಗಲಿಲ್ಲ. ಅವಳು ಅಳತೊಡಗಿದಳು. ಅಳುತ್ತಲೇ ಸಿಟ್ಟಿಗೆದ್ದಳು.

"ನಮ್ಮ ಮನಿ ಮುರೀಲಿಕ್ಕೆ ಬಂದೀರೇನು? ಹೌದು, ನಮ್ಮಕ್ಕನ್ನ ಕಳಿಸಿದ್ದೆ. ಶಿವಕುಮಾರಿ, ನಮ್ಮ ಭಾವನ ಹೆಂಡ್ತಿ. ಭಾವ ಪವಾಯಿ ಬಿಲ್ಡಿಂಗ್ ಕೆಲಸಕ್ಕ ಹೋಗ್ತಾನ, ಆಕಿನೂ ಅಲ್ಲೇ ಇಟ್ಟಂಗಿ ಹೊರತಾಳ. ಅವ್ರಿಗೆ ಯಾವ ಕಾರ್ಡ್ ಅದ, ಯಾವ ಡಾಕ್ಟ್ರು ಅದಾರ? ನಮ್ಮ ಮನಿಯವ್ರು ಹತ್ತು ವರ್ಷದವ್ರಿದ್ದಾಗ ಅತ್ತಿ ಸತ್ಲು. ಆಗ ಮದ್ವಿ ಆಗಿ ಬಂದಾಕಿ, ತಾನೂ ಕೂಸ ಇದ್ಲು, ಇವ್ರನ್ನ ಉಣಿಸಿ ತಿನಿಸಿ ಬೆಳಸ್ಯಾಳ. ಆಕಿ ಸಾಯೋದನ್ನ ನೋಡ್ಕೋತ ಕೂಡಬೇಕಿತ್ತೇನು ನಾವು?"

ಸಾಕಿ ಬೆಳೆಸಿದ ಮೈದುನ. ಅವನ ಹೆಸರನ್ನು ಅವಳು ಅಂಗಳದಿಂದ ಕೂಗಿದ ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವೇನಿತ್ತು?

"ಕಾರ್ಡಿನ ಸುದ್ದಿ ನಾನು ಯಾರಿಗೂ ಹೇಳಲ್ಲ," ಎಂದಳು ಧಾತ್ರಿ. "ಶಿವಕುಮಾರಿ ಎಲ್ಲಿದ್ದಾರೆ? ಅಷ್ಟು ಹೇಳಿ ಸಾಕು."

"ಊರಿಗೆ ಹೋಗ್ಯಾಳ."

"ಯಾವಾಗ?"

"ಹೋಗ್ಯಾಳ್ರಿ ಅಂದ್ನಲ್ಲ!"

ಸಪ್ನಾ ತಾಯಿಯ ಮುಖ ನೋಡಿ, ತಟ್ಟನೆ ನೆಲ ನೋಡಿದಳು. ಸುಳ್ಳು. ಧಾತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದು ಲಕ್ಷ್ಮವ್ವನ ಎದುರಿಗೆ ನೆಲದ ಮೇಲೇ ಕೂತಳು. ಇನ್ನು ಬಲೆ ಹಾಕುವುದರಲ್ಲಿ ಅರ್ಥವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು.

"ಕೇಳಿ. ನಾನು ಪೊಲೀಸಲ್ಲ, ಕಂಪನಿಯವಳೂ ಅಲ್ಲ. ನಿಮ್ಮಕ್ಕನ ತುಂಡು ಪರೀಕ್ಷೆ ಮಾಡಿದವಳು. ನಿಮ್ಮ ತಪ್ಪು ಹಿಡಿಯೋಕೆ ಬಂದಿಲ್ಲ, ನನ್ನ ತಪ್ಪು ಹೇಳೋಕೆ ಬಂದಿದ್ದೀನಿ. ರಿಪೋರ್ಟ್ ನಾನು ಬರೆದದ್ದು ತಪ್ಪು. ಅದು ಚರ್ಮದ ಕರೀ ಕ್ಯಾನ್ಸರ್ ಅಲ್ಲ. ರೋಗ ಎದೆ ಒಳಗೆ, ಹಾಲಿನ ನಾಳದಲ್ಲಿದೆ. ಅಲ್ಲಿಂದ ಮೇಲಕ್ಕೆ ಬಂದಿದೆ. ಅದಕ್ಕೆ ಬೇರೆ ಆಪರೇಷನ್, ಬೇರೆ ಔಷಧಿ. ತಡಮಾಡಬಾರದು. ಅವರು ಬದುಕಬೇಕು ಅಂದರೆ ನನಗೆ ಅವರು ಸಿಗಬೇಕು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು. ಬೈಗುಳಕ್ಕೆ, ಅಳುವಿಗೆ, ಏನಕ್ಕಾದರೂ ಸಿದ್ಧಳಾಗಿದ್ದಳು.

ಲಕ್ಷ್ಮವ್ವ ಬಯ್ಯಲಿಲ್ಲ. ಮೂಗು ಒರೆಸಿಕೊಂಡು, ಇದೇನು ಹೊಸ ಸುದ್ದಿ ಎಂಬ ಹಾಗೆ ಅವಳನ್ನು ನೋಡಿದಳು.

"ಅದು ನಮಗ ಗೊತ್ತದಲ್ರಿ."

"ಏನು ಗೊತ್ತಿದೆ?"

"ನೀವ್ ಈಗ ಹೇಳಿದ್ದು. ಕರೀ ರೋಗ ಅಲ್ಲ, ರಿಪೋರ್ಟ್ ತಪ್ಪಾಗ್ಯಾದ, ರೋಗ ಎದಿ ಒಳಗ ಹಾಲಿನ ನಾಳದಾಗ ಅದ ಅಂತ. ಸೋಮವಾರ ಮುಂಜಾನಿ ನಾವು ಆಸ್ಪತ್ರಿಗೆ ಹೊಂಟು ನಿಂತಿದ್ದಿವಿ, ನಿಮ್ಮ ಡಾಕ್ಟ್ರಬಾಯಿನ ಬಂದು ಹೇಳಿದ್ರಲ್ಲ. ಇವತ್ತು ಆಪರೇಷನ್ ಆದ್ರ ಸಾಯ್ತಾಳ, ನಾ ಸರಿಯಾದ ಕಡಿ ಕರಕೊಂಡು ಹೋಗ್ತೀನಿ, ಯಾರು ಕೇಳಿದ್ರೂ ಊರಿಗೆ ಹೋಗ್ಯಾಳ ಅನ್ರಿ ಅಂದ್ರು. ಕಾರ್ ತಂದಿದ್ರು. ಅದರಾಗ ಕೂಡಿಸ್ಕೊಂಡು ಹೋದ್ರು."

ಆ ಕೆಂಪನ್ನು ಧಾತ್ರಿ ನೋಡಿದ್ದು ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ. ಬ್ಲಾಕನ್ನು ಗುಟ್ಟಾಗಿ ಕೊಯ್ದವರನ್ನು ಬಿಟ್ಟರೆ, ಸೋಮವಾರ ಆ ಮಾತು ಹೇಳಬಲ್ಲವರು ಯಾರೂ ಇರಲು ಸಾಧ್ಯವೇ ಇರಲಿಲ್ಲ.

"ಯಾವ ಡಾಕ್ಟರು? ಹೇಗಿದ್ದರು?"

"ನಿಮ್ಮ ವಾರಿಗೆಯವ್ರ. ನಿಮ್ಮಂಗನ ಮೈಸೂರ ಕಡಿ ಮಾತು. ಬಂದಾಕಿನ, 'ಶಿವಕುಮಾರಿ ಯಾರು?' ಅಂದ್ಲು. ಕಾರ್ಡಿಂದು ಎಲ್ಲಾ ಮೊದಲ ಗೊತ್ತಿತ್ತು ಆಕಿಗೆ."

"ಅವತ್ತಿಂದ ಶಿವಕುಮಾರಿ ಫೋನ್ ಮಾಡಿದ್ದಾರಾ?"

"ದೊಡ್ಡವ್ವನ ಫೋನ್ ಬಂದ್ ಅದ," ಎಂದಳು ಸಪ್ನಾ. ಅವಳ ದನಿಯಲ್ಲಿ ಈಗ ನಗು ಇರಲಿಲ್ಲ. "ಥ್ರೀ ಡೇಸ್ ಸೇ. ದೊಡ್ಡಪ್ಪ ರೋಜ್ ಬಂದು ಕೇಳ್ತಾನೆ."

"ಆ ಡಾಕ್ಟರು ಹೆಸರು ಹೇಳಿದರಾ?"

"ಹೇಳಿದ್ರಲ್ಲ," ಎಂದಳು ಲಕ್ಷ್ಮವ್ವ. "ಧಾತ್ರಿ. ಡಾಕ್ಟರ್ ಧಾತ್ರಿ."

ಹೊರಗೆ ಯಾರೋ ಡ್ರಮ್ಮಿಗೆ ನೀರು ಬಿಡುತ್ತಿದ್ದ ಸದ್ದು ಕೇಳುತ್ತಿತ್ತು. ಧಾತ್ರಿ ಚೀಲದಿಂದ ಆಸ್ಪತ್ರೆಯ ಗುರುತಿನ ಚೀಟಿ ತೆಗೆದು ಸಪ್ನಾಳ ಕೈಗೆ ಕೊಟ್ಟಳು. ಹುಡುಗಿ ಫೋಟೊ ನೋಡಿದಳು, ಇವಳ ಮುಖ ನೋಡಿದಳು, ಅಕ್ಷರ ಕೂಡಿಸಿ ಓದಿದಳು.

"ಮಮ್ಮಿ, ಇದರಾಗೂ ಧಾತ್ರಿ ಅಂತ ಅದ."

ಲಕ್ಷ್ಮವ್ವ ಆ ಚೀಟಿಯನ್ನು ಮಗಳ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. "ಆಕಿ ಕೊರಳಾಗೂ ಇಂಥದ್ದ ಇತ್ತು," ಎಂದಳು ಮೆಲ್ಲಗೆ. "ಇದೇ ನೀಲಿ ದಾರ. ಆಕಿ ಫೋಟೊನ ಇತ್ತು ಅದರಾಗ."

ಆಮೇಲೆ ಎದ್ದು ನಿಂತಳು. ಕೈಯಲ್ಲಿ ಬ್ಲೇಡು ಇದ್ದದ್ದು ಅವಳಿಗೇ ನೆನಪಿರಲಿಲ್ಲವೋ ಏನೋ. ಸಪ್ನಾ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

"ನಮ್ಮಕ್ಕನ್ನ ಎಲ್ಲಿಟ್ಟೀರಿ?" ಎಂದಳು ಲಕ್ಷ್ಮವ್ವ. "ನೀವಿಬ್ರೂ ಕೂಡಿ, ಎಲ್ಲಿಟ್ಟೀರಿ?"